ಬೋರ್ ಮಾಡಿಸಿದ ಎಂಜಿನ್ನನ್ನು ಪಳಗಿಸುವ ಎರಡು ಬಗೆ: ನಿಧಾನದ ಓಟ, ಭಾರದ ಓಟ

ಒಂದೇ ಎಂಜಿನ್ನನ್ನು ಒಂದೇ ವರ್ಷದಲ್ಲಿ ಎರಡು ಸಲ ಬಿಚ್ಚಿಸಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಕಾರು 1997ರ ಮಾರುತಿ 800, ಕಾರ್ಬ್ಯುರೇಟರ್ ಇರುವಂಥದ್ದು. ಎಂಜಿನ್ ಬೋರಿಗೆ ಬಂದಿತ್ತು, ಎಂದರೆ ಸವೆದ ಸಿಲಿಂಡರುಗಳನ್ನು ಕೊರೆದು ಸ್ವಲ್ಪ ಅಗಲ ಮಾಡಿಸಬೇಕಾಗಿತ್ತು. ಲೇತಿಗೆ ಕೊಟ್ಟು, 68.5 ಮಿ.ಮೀ. ಇದ್ದ ಸಿಲಿಂಡರುಗಳನ್ನು 69ಕ್ಕೆ ಬೋರ್ ಮಾಡಿಸಿ, 0.50 ಓವರ್‌ಸೈಜ್ ಪಿಸ್ಟನ್ ಹಾಕಿಸಿದೆ. ಮೊದಲ ಸಲ ಎಲ್ಲರೂ ಹೇಳುವಂತೆ ನಿಧಾನವಾಗಿ ಓಡಿಸಿ ಕೆಡಿಸಿಕೊಂಡೆ. ಎರಡನೆಯ ಸಲ ಮೊದಲ ಕಿಲೋಮೀಟರಿನಿಂದಲೇ ಭಾರ ಕೊಟ್ಟು, ಎಂದರೆ ಆಕ್ಸಿಲರೇಟರ್ ಚೆನ್ನಾಗಿ ತುಳಿದು ಎಂಜಿನ್ನನ್ನು ದುಡಿಸಿ, ಓಡಿಸಿದೆ. ಆ ಎಂಜಿನ್ ಇಂದಿಗೂ ಚೆನ್ನಾಗಿದೆ. ಬ್ಲಾಕ್, ಪಿಸ್ಟನ್, ಮೇಸ್ತ್ರಿ ಎರಡೂ ಸಲ ಅವೇ. ಬದಲಾದದ್ದು ರಿಂಗ್ (ಪಿಸ್ಟನ್ನಿನ ಸುತ್ತ ಕೂರುವ ಲೋಹದ ಬಳೆ), ಹೋನಿಂಗ್ (ಸಿಲಿಂಡರಿನ ಒಳಗೋಡೆಯನ್ನು ಕಲ್ಲಿನಿಂದ ಉಜ್ಜುವುದು), ಆಯಿಲ್ ಮತ್ತು ಓಡಿಸಿದ ಬಗೆ.

ನಿಧಾನದ ಓಟವನ್ನು ನಾನು ಕಲಿತದ್ದು ತಂದೆಯವರಿಂದ. ಅವರ ಪ್ರೀಮಿಯರ್ ಪದ್ಮಿನಿ ಕಾರಿಗೆ ಬೋರ್ ಮಾಡಿಸಿದಾಗಲೆಲ್ಲ ಹಿಂದಿನ ಗಾಜಿಗೆ ‘ರನ್ನಿಂಗ್ ಇನ್’ ಎಂದು ಬರೆದ ರಟ್ಟು ಅಂಟಿಸಿ, ಸಾವಿರ ಕಿಲೋಮೀಟರ್ ಆಗುವವರೆಗೆ ನಲವತ್ತರ ಮೇಲೆ ಹೋಗುತ್ತಿರಲಿಲ್ಲ. ನಾನೂ ಹಾಗೆಯೇ ಮಾಡಿದೆ. ಮೇಸ್ತ್ರಿಯವರು ಎಂಜಿನ್ ಚಾಲೂ ಮಾಡಿ, ‘ರಿಂಗ್ ಸೆಟ್ ಆಗಲಿ’ ಎಂದು ಎರಡು ಗಂಟೆ ನಿಂತಲ್ಲೇ ಐಡ್ಲಿಂಗಿನಲ್ಲಿ ಬಿಟ್ಟರು. ಆಮೇಲೆ ನಾನು ಮೈಸೂರಿನ ಬೀದಿಗಳಲ್ಲಿಯೇ 1,500 ಕಿಲೋಮೀಟರನ್ನು ಆಕ್ಸಿಲರೇಟರ್ ಹೆಚ್ಚು ತುಳಿಯದೆ ಮುಗಿಸಿದೆ. ಎರಡು ಸಾವಿರ ದಾಟುವ ಹೊತ್ತಿಗೆ ಡಿಪ್‌ಸ್ಟಿಕ್ಕಿನ ಮೇಲಿನ ಗೆರೆಯಲ್ಲಿದ್ದ ಆಯಿಲ್ ಐನೂರು ಕಿಲೋಮೀಟರಿಗೆ ಕೆಳಗಿನ ಗೆರೆಗೆ ಬರತೊಡಗಿತ್ತು, ಇಳಿಜಾರು ಮುಗಿದು ಮತ್ತೆ ಆಕ್ಸಿಲರೇಟರ್ ಕೊಟ್ಟಾಗ ಹಿಂದೆ ನೀಲಿ ಹೊಗೆ ಕಾಣುತ್ತಿತ್ತು. ಕಂಪ್ರೆಷನ್ (ಸಿಲಿಂಡರಿನೊಳಗೆ ಕಟ್ಟುವ ಒತ್ತಡ) ನೋಡಿಸಿದಾಗ ಮೂರು ಸಿಲಿಂಡರುಗಳಲ್ಲಿ ಬಂದದ್ದು 130, 118 ಮತ್ತು 126 ಪಿಎಸ್‌ಐ.

ಸಿಲಿಂಡರುಗಳನ್ನು ಮೇಲಿನಿಂದ ಮುಚ್ಚುವ ಹೆಡ್ ತೆಗೆದಾಗ ಕಾರಣ ಕಣ್ಣಿಗೇ ಕಂಡಿತು. ಹೋನಿಂಗ್ ಮಾಡಿದಾಗ ಸಿಲಿಂಡರಿನ ಒಳಗೋಡೆಯಲ್ಲಿ ಅಡ್ಡಡ್ಡವಾಗಿ ಕತ್ತರಿಸಿಕೊಂಡು ಹೋಗುವ ಸಣ್ಣ ಗೆರೆಗಳು ಮೂಡುತ್ತವೆ. ಆಯಿಲ್ ನಿಲ್ಲುವುದು ಆ ಗೆರೆಗಳಲ್ಲಿ, ರಿಂಗು ತನ್ನ ಅಂಚನ್ನು ಉಜ್ಜಿಕೊಂಡು ಹೊಂದಿಕೊಳ್ಳುವುದು ಅವುಗಳ ಏಣುಗಳ ಮೇಲೆ. ನನ್ನ ಸಿಲಿಂಡರುಗಳಲ್ಲಿ ಆ ಗೆರೆಗಳ ಮೇಲೆ ಕಂದು ಬಣ್ಣದ ಪೊರೆ ಕಟ್ಟಿ, ಗೋಡೆ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ರಿಂಗಿಗೆ ತನ್ನದೇ ಸ್ಪ್ರಿಂಗಿನ ಒತ್ತಡ ಇರುವುದು ಸ್ವಲ್ಪವೇ. ಅದನ್ನು ಗೋಡೆಗೆ ನಿಜವಾಗಿ ಒತ್ತುವುದು, ಉರಿದ ಅನಿಲ ರಿಂಗ್ ಕೂರುವ ಪಿಸ್ಟನ್ನಿನ ತೋಡಿನೊಳಗೆ ನುಗ್ಗಿ ರಿಂಗಿನ ಬೆನ್ನಿಗೆ ಬಿದ್ದಾಗ. ಐಡ್ಲಿಂಗಿನಲ್ಲಿಯೂ ಹಗುರ ಓಟದಲ್ಲಿಯೂ ಆ ಒತ್ತಡ ಸಾಲುವುದಿಲ್ಲ. ರಿಂಗು ಹೊಂದಿಕೊಳ್ಳುವ ಮೊದಲೇ ಗೋಡೆಯ ಮೇಲಿನ ಆಯಿಲ್ ಬೆಂದು ಗೆರೆಗಳನ್ನು ಮುಚ್ಚಿಬಿಡುತ್ತದೆ. ಅದರ ಮೇಲೆ ಚೋಕ್ ಎಳೆದಿದ್ದರೆ ಹೆಚ್ಚಿನ ಪೆಟ್ರೋಲ್ ಗೋಡೆಯನ್ನು ತೊಳೆಯುತ್ತದೆ. ಒಮ್ಮೆ ಹೀಗೆ ಪೊರೆ ಕಟ್ಟಿದರೆ ಎಷ್ಟು ಓಡಿಸಿದರೂ ರಿಂಗ್ ಹೊಂದಿಕೊಳ್ಳುವುದಿಲ್ಲ, ಮತ್ತೆ ಹೋನ್ ಮಾಡಿಸದೆ ಬೇರೆ ದಾರಿ ಇಲ್ಲ.

ಎರಡನೆಯ ಸಲ ಹಗುರವಾಗಿ ಹೋನ್ ಮಾಡಿಸಿ, ಸಿಲಿಂಡರುಗಳನ್ನು ಸೋಪಿನ ನೀರಿನಲ್ಲಿ ತೊಳೆಸಿ, ಹೊಸ ರಿಂಗ್ ಸೆಟ್ ಹಾಕಿಸಿದೆ. ಓಡಿಸಿದ ಕ್ರಮ ಸರಳವಾದದ್ದು. ಎಂಜಿನ್ ಬಿಸಿಯಾದ ಮೇಲೆ ಮೂರನೆಯ ಗೇರಿನಲ್ಲಿ ಮೂವತ್ತರಿಂದ ಅರವತ್ತಕ್ಕೆ ಮುಕ್ಕಾಲು ಆಕ್ಸಿಲರೇಟರ್ ಕೊಟ್ಟು ಏರಿಸುವುದು, ಕ್ಲಚ್ ತುಳಿಯದೆ ಕಾಲನ್ನು ಪೂರ್ತಿ ತೆಗೆದು ಮತ್ತೆ ಮೂವತ್ತಕ್ಕೆ ಇಳಿಯಲು ಬಿಡುವುದು. ಏರುವಾಗ ರಿಂಗು ಗೋಡೆಗೆ ಒತ್ತಿಕೊಳ್ಳುತ್ತದೆ. ಇಳಿಯುವಾಗ ಸಿಲಿಂಡರಿನಲ್ಲಿ ಉಂಟಾಗುವ ಎಳೆತಕ್ಕೆ ಸ್ವಲ್ಪ ಆಯಿಲ್ ಮೇಲೆ ಬಂದು ರಿಂಗನ್ನು ತಂಪು ಮಾಡುತ್ತದೆ. ಇಂಥ ಇಪ್ಪತ್ತು ಸುತ್ತು ಆದ ಮೇಲೆ ಮಾಮೂಲಿನಂತೆ ಓಡಿಸಿದೆ. ಒಂದೇ ವೇಗದಲ್ಲಿ ಬಹಳ ಹೊತ್ತು ಹೋಗಲಿಲ್ಲ, ಟಾಪ್ ಗೇರಿನಲ್ಲಿ ಎಂಜಿನ್ ಮುಲುಗುವಂತೆ ಎಳೆಸಲಿಲ್ಲ.

ಈ ಬಗೆಯಲ್ಲಿ ತೊಡಕು ಇರುವುದು ಓಟದಲ್ಲಲ್ಲ, ಅದಕ್ಕೂ ಮೊದಲಿನ ಹತ್ತು ನಿಮಿಷದಲ್ಲಿ. ಎಂಜಿನ್ ಚಾಲೂ ಆದ ಕೂಡಲೇ ಖಾಲಿ ರಸ್ತೆ ಬೇಕು. ಗ್ಯಾರೇಜ್ ಇರುವುದು ಊರ ನಡುವೆ. ಆದ್ದರಿಂದ ಬೆಳಗಿನ ಐದೂವರೆಗೆ ಗ್ಯಾರೇಜ್ ತೆರೆಯುವಂತೆ ಮೇಸ್ತ್ರಿಯವರನ್ನು ಒಪ್ಪಿಸಿ, ನಂಜನಗೂಡು ರಸ್ತೆಯಲ್ಲಿ ಹೋಗಿ ಬರುವುದೆಂದು ನಿಶ್ಚಯಿಸಿದೆ. ಮೊದಲ ದಿನ, ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಸರಿಯಾಗಿ ಕೂರದೆ ಎಂಜಿನ್ ಕೆಮ್ಮಿ ಕೆಮ್ಮಿ ನಿಂತಿತು. ಚಾಲೂ ಇಟ್ಟುಕೊಂಡೇ ಟೈಮಿಂಗ್ ಸರಿಮಾಡೋಣವೆಂದು ಅವರು ಹೇಳಿದಾಗ ನಾನು ಒಪ್ಪದೆ ಆಫ್ ಮಾಡಿಸಿದೆ, ಆ ದಿನ ಹಾಗೆಯೇ ಹೋಯಿತು.

ಮರುದಿನ ಒಂದೇ ಸೆಲ್ಫಿಗೆ ಚಾಲೂ ಆಯಿತು. ಆದರೆ ಆರು ಕಿಲೋಮೀಟರ್ ಹೋಗುವಷ್ಟರಲ್ಲಿ ಟೆಂಪರೇಚರ್ ಮುಳ್ಳು ಮುಕ್ಕಾಲು ದಾಟಿ ಮೇಲೇರತೊಡಗಿತು. ರಸ್ತೆಯ ಪಕ್ಕಕ್ಕೆ ನಿಲ್ಲಿಸಿ, ಬಾನೆಟ್ ಎತ್ತಿ, ರೇಡಿಯೇಟರ್ ಮುಚ್ಚಳವನ್ನು ಕೈಯಲ್ಲಿ ಮುಟ್ಟುವಂತಾಗಲು ನಲವತ್ತು ನಿಮಿಷ ಕಾದೆವು. ಮುಚ್ಚಳ ತೆಗೆದಾಗ ಸುಮಾರು ಮುಕ್ಕಾಲು ಲೀಟರ್ ಕೂಲಂಟ್ ಹಿಡಿಯಿತು. ಹೆಡ್ಡಿನಲ್ಲಿ ಗಾಳಿ ಸಿಕ್ಕಿಹಾಕಿಕೊಂಡಿತ್ತು. ಎರಡು ಗಂಟೆ ಐಡ್ಲಿಂಗಿನಲ್ಲಿ ಬಿಡುವ ಹಳೆಯ ಪದ್ಧತಿಯಲ್ಲಿ ಈ ಗಾಳಿ ಗ್ಯಾರೇಜಿನಲ್ಲಿಯೇ ಹೊರಟುಹೋಗುತ್ತದೆ, ಹೋಸ್ ಸೋರಿದರೂ ಅಲ್ಲಿಯೇ ತಿಳಿಯುತ್ತದೆ; ಆ ಪದ್ಧತಿಯ ನಿಜವಾದ ಅನುಕೂಲ ಅದೊಂದೇ. ಭಾರದ ಓಟಕ್ಕೆ ಹೊರಡುವವರು ಹಿಂದಿನ ರಾತ್ರಿಯೇ ಕೂಲಂಟನ್ನು ನಿಧಾನವಾಗಿ, ಮೇಲಿನ ಹೋಸನ್ನು ಹಿಸುಕಿ ಹಿಸುಕಿ ತುಂಬಿಸಬೇಕು, ಪ್ಲಗ್ ಬಿಚ್ಚಿ ಸೆಲ್ಫ್ ಹೊಡೆದು ಆಯಿಲ್ ಪ್ರೆಶರ್ ದೀಪ ಆರುವುದನ್ನು ನೋಡಬೇಕು. ಇಷ್ಟನ್ನು ಬಿಟ್ಟರೆ ಹೊಸ ಎಂಜಿನ್ ರಸ್ತೆಯ ಮೇಲೆಯೇ ಹಾಳಾಗಬಹುದು.

ಆಯಿಲ್ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ: ಮೊದಲ ಸಲ ಸೆಮಿ ಸಿಂಥೆಟಿಕ್, ಎರಡನೆಯ ಸಲ ಸಾದಾ ಮಿನರಲ್ 20ಡಬ್ಲ್ಯೂ-40. ರಿಂಗು ಉಜ್ಜಿಕೊಳ್ಳಬೇಕಾದ ಹೊತ್ತಿನಲ್ಲಿ ಅಗ್ಗದ ಮಿನರಲ್ ಆಯಿಲೇ ಸಾಕು. ಅದನ್ನು 50 ಕಿಲೋಮೀಟರಿಗೆ ಒಮ್ಮೆ, 500ಕ್ಕೆ ಒಮ್ಮೆ ಫಿಲ್ಟರ್ ಸಹಿತ ಬದಲಾಯಿಸಿದೆ. 50ಕ್ಕೆ ಇಳಿಸಿದ ಆಯಿಲಿನಲ್ಲಿ ಲೋಹದ ಪುಡಿ ಬಿಸಿಲಿಗೆ ಮಿನುಗುತ್ತಿತ್ತು.

ಪದ್ಮಿನಿಯಂಥ ಹಳೆಯ ಎಂಜಿನ್ ಇಟ್ಟುಕೊಂಡವರಿಗೆ ಒಂದು ಮಾತು. ವಾಲ್ವುಗಳನ್ನು ತೆರೆಸುವ ಅದರ ಕ್ಯಾಮ್‌ಶಾಫ್ಟ್ ಬ್ಲಾಕಿನೊಳಗಿದೆ, ಕ್ಯಾಮಿನ ಮೇಲೆ ಕೂರುವ ಟ್ಯಾಪೆಟ್ಟಿನ ಅಡಿ ಚಪ್ಪಟೆ. ಕ್ಯಾಮ್ ಹೊಸದಾಗಿದ್ದರೆ ಮೊದಲ ಇಪ್ಪತ್ತು ನಿಮಿಷ ಎರಡು ಸಾವಿರ ಆರ್‌ಪಿಎಂ ಆಸುಪಾಸಿನಲ್ಲಿ ಇಡಬೇಕು, ಏಕೆಂದರೆ ಕ್ರ್ಯಾಂಕಿನಿಂದ ಚಿಮ್ಮುವ ಆಯಿಲ್ ಐಡ್ಲಿಂಗಿನಲ್ಲಿ ಕ್ಯಾಮಿಗೆ ಸಾಲುವುದಿಲ್ಲ. ಅಂಥ ಎಂಜಿನ್ನಿಗೂ ಐಡ್ಲಿಂಗ್ ಒಳ್ಳೆಯದಲ್ಲ.

ಎರಡನೆಯ ಓಟದ ನಂತರ ಎರಡು ಸಾವಿರ ಕಿಲೋಮೀಟರಿಗೆ ಕಂಪ್ರೆಷನ್ 168, 165, 170 ಬಂತು. ಆಯಿಲ್ ಬದಲಿಸುವ ಹೊತ್ತಿಗೂ ಡಿಪ್‌ಸ್ಟಿಕ್ಕಿನಲ್ಲಿ ಅರ್ಧ ಗೆರೆಯಷ್ಟೂ ಇಳಿದಿರುವುದಿಲ್ಲ. ನನ್ನದು ದಿನವೂ ಊರೊಳಗಿನ ಓಡಾಟ, ಸಿಗ್ನಲ್ಲಿನಲ್ಲಿ ನಿಲ್ಲುವುದೇ ಹೆಚ್ಚು; ಅಂಥವನು ನಿಧಾನದ ಓಟವನ್ನು ಆರಿಸಿಕೊಂಡರೆ ರಿಂಗಿಗೆ ಭಾರ ಸಿಗುವ ಸಂದರ್ಭವೇ ಬರುವುದಿಲ್ಲ. ಎರಡನೆಯ ಸಲ ಬಿಚ್ಚಿಸಲು ರಿಂಗ್, ಗ್ಯಾಸ್ಕೆಟ್, ಹೋನಿಂಗ್, ಕೂಲಿ ಸೇರಿ ಒಂಬತ್ತು ಸಾವಿರ ರೂಪಾಯಿ ಹೋಯಿತು. ಮೂರನೆಯ ಸಲಕ್ಕೆ ನನ್ನಲ್ಲಿ ಹಣವಿರಲಿಲ್ಲ, 69ರ ಮೇಲೆ ಹೋಗುವುದಾದರೆ ಸ್ಲೀವ್ ಹಾಕಿಸಬೇಕಾಗುತ್ತಿತ್ತು.

ಭಾವನವರ ಓಮ್ನಿಯ ಎಂಜಿನ್ ಈಗ ಲೇತಿನಲ್ಲಿದೆ. ಅದೂ ಇದೇ 796 ಸಿಸಿ ಎಂಜಿನ್. ಭಾನುವಾರ ಬೆಳಗಿನ ಜಾವ ನಂಜನಗೂಡು ರಸ್ತೆಗೆ ಹೊರಡುವುದೆಂದು ಮಾತಾಗಿದೆ. ಕೂಲಂಟನ್ನು ಶನಿವಾರ ಸಂಜೆಯೇ ನಾನೇ ನಿಂತು ತುಂಬಿಸುತ್ತೇನೆ.