ಎಳೆದರೂ ಕೆಡದ ಚಿತ್ರ: ಎಂಟು ವರ್ಷ ಜಿಯೋಜೀಬ್ರಾ ಬಳಸಿದ ಗಣಿತ ಟೀಚರ್ ಅನುಭವ

ಶಿರಾ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ಗಣಿತ ಟೀಚರ್. ಎಂಟು, ಒಂಬತ್ತು, ಹತ್ತು ಮೂರೂ ತರಗತಿ ನನ್ನದೇ. ಜಿಯೋಜೀಬ್ರಾ ಮೊದಲು ನೋಡಿದ್ದು ಡಯಟ್‌ನಲ್ಲಿ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ಒಂದು ತರಬೇತಿಗೆ ಹೋದಾಗ. 2017ರ ಜೂನ್‌ನಿಂದ ತರಗತಿಯಲ್ಲಿ ಬಳಸುತ್ತಾ ಬಂದಿದ್ದೇನೆ. ಒಂದು ವಾರ ಬಳಸಿ ಬರೆದ ವಿಮರ್ಶೆಗಳು ಬೇಕಾದಷ್ಟು ಸಿಗುತ್ತವೆ. ಆದರೆ ಮಧ್ಯಾಹ್ನ ಆದರೆ ಕರೆಂಟು ಹೋಗುವ, ಇಂಟರ್ನೆಟ್ ಇದ್ದರೂ ಇಲ್ಲದ ಹಾಗಿರುವ, ಒಂದು ಮೌಸ್‌ಗೆ ನಾಲ್ಕು ಮಕ್ಕಳು ಕೂರುವ ಶಾಲೆಯಲ್ಲಿ ಇದನ್ನು ವರ್ಷಗಟ್ಟಲೆ ಇಟ್ಟುಕೊಂಡರೆ ಏನಾಗುತ್ತದೆ ಅಂತ ಯಾರೂ ಬರೆದದ್ದು ನನಗೆ ಕಾಣಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಎರಡು ಮಾತು. ಇದು ಗಣಿತದ ಚಿತ್ರ ಬರೆಯುವ ಸಾಫ್ಟ್‌ವೇರ್. ಜಿಯಾಮೆಟ್ರಿ, ಆಲ್ಜೀಬ್ರಾ ಎರಡೂ ಸೇರಿ ಆದ ಹೆಸರು. ಆಸ್ಟ್ರಿಯಾದ ಸಾಲ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಮಾರ್ಕಸ್ ಹೋಹೆನ್‌ವಾರ್ಟರ್ 2001ರಲ್ಲಿ ತಮ್ಮ ಓದಿನ ಭಾಗವಾಗಿ ಶುರು ಮಾಡಿದ್ದು. ಬಿಂದು ಇಡಬಹುದು, ಗೆರೆ ಎಳೆಯಬಹುದು, ವೃತ್ತ ಬರೆಯಬಹುದು. ಇಷ್ಟೇ ಆದರೆ ಕಪ್ಪುಹಲಗೆಯೇ ಸಾಕಿತ್ತು. ಇದರ ಜೀವ ಇರುವುದು ಬರೆದಾದ ಮೇಲೆ. ಒಂದು ಬಿಂದುವನ್ನು ಹಿಡಿದು ಎಳೆದರೆ ಅದಕ್ಕೆ ಅಂಟಿಕೊಂಡಿರುವ ಎಲ್ಲವೂ ಜೊತೆಗೆ ಸರಿಯುತ್ತವೆ, ಆದರೆ ನೀವು ಹಾಕಿದ ನಿಯಮ ಮಾತ್ರ ತಪ್ಪುವುದಿಲ್ಲ. ಲಂಬ ಅಂತ ಹಾಕಿದ್ದರೆ ಎಲ್ಲಿಗೆ ಎಳೆದರೂ ಲಂಬವೇ. ಕಣ್ಣಂದಾಜಿಗೆ ಹಾಕಿದ್ದರೆ ಎಳೆದ ಕೂಡಲೇ ಬಣ್ಣ ಬಯಲು.

ಮೊದಲ ಎರಡು ವರ್ಷ ನಾನು ಇದನ್ನು ತಪ್ಪಾಗಿ ಬಳಸಿದೆ. ರಾತ್ರಿ ಮನೆಯಲ್ಲಿ ಕೂತು ಚಂದದ ಫೈಲ್ ಮಾಡುತ್ತಿದ್ದೆ, ಬೆಳಿಗ್ಗೆ ಪ್ರೊಜೆಕ್ಟರ್ ಹಾಕಿ ತೋರಿಸುತ್ತಿದ್ದೆ. ಬಣ್ಣ ಬಣ್ಣದ ತ್ರಿಭುಜ, ಸ್ಲೈಡರ್ ಸರಿಸಿದರೆ ತಿರುಗುವ ಕೋನ. ಮಕ್ಕಳು ಬಾಯಿ ಬಿಟ್ಟು ನೋಡುತ್ತಿದ್ದರು. ಮಾರನೇ ದಿನ ಕೇಳಿದರೆ ಬಣ್ಣ ನೆನಪಿರುತ್ತಿತ್ತು, ಗಣಿತ ಇರುತ್ತಿರಲಿಲ್ಲ. ಕಿರುಪರೀಕ್ಷೆ ಅಂಕಗಳಲ್ಲೂ ಏನೂ ವ್ಯತ್ಯಾಸ ಕಾಣಲಿಲ್ಲ. ಆಗ ಬಿಟ್ಟುಬಿಡೋಣ ಅಂತ ಅನ್ನಿಸಿದ್ದೂ ಉಂಟು.

ಬದಲಾಗಿದ್ದು 2019ರಲ್ಲಿ, ಹತ್ತನೇ ತರಗತಿಯ ರಚನೆಗಳ ಪಾಠ ಮಾಡುವಾಗ. ಬಾಹ್ಯ ಬಿಂದುವಿನಿಂದ ವೃತ್ತಕ್ಕೆ ಸ್ಪರ್ಶಕ, ಅಂದರೆ ಒಂದೇ ಕಡೆ ತಾಗಿ ಹೋಗುವ ಗೆರೆ, ಎಳೆಯುವ ರಚನೆ. ವೃತ್ತದ ಕೇಂದ್ರ ಓ, ಹೊರಗಿನ ಬಿಂದು ಪಿ. ಈ ರಚನೆಯ ಹಂತಗಳು ಮಕ್ಕಳಿಗೆ ಬಾಯಿಪಾಠ. ಓಪಿ ಸೇರಿಸು, ಲಂಬಾರ್ಧಕ ಎಳೆ, ಮಧ್ಯಬಿಂದುವಿನಿಂದ ಇನ್ನೊಂದು ವೃತ್ತ ಬರೆ, ಛೇದಿಸಿದ ಕಡೆಗೆ ಪಿ ಇಂದ ಗೆರೆ ಎಳೆ. ಯಾಕೆ ಅಂತ ಕೇಳಿದರೆ ಇಡೀ ಕ್ಲಾಸ್ ಗಪ್‌ಚುಪ್. ಅವತ್ತು ಪ್ರೊಜೆಕ್ಟರ್ ಬಲ್ಬ್ ಹೋಗಿತ್ತು. ಬೇರೆ ದಾರಿ ಇಲ್ಲದೆ ಮಕ್ಕಳನ್ನೇ ಲ್ಯಾಬಿಗೆ ಕರ್ಕೊಂಡು ಹೋಗಿ ಕಂಪ್ಯೂಟರ್ ಮುಂದೆ ಕೂರಿಸಿದೆ. ವೃತ್ತ ಬರೀರಿ, ಹೊರಗೆ ಒಂದು ಬಿಂದು ಇಡಿ, ಅಲ್ಲಿಂದ ವೃತ್ತಕ್ಕೆ ತಾಗುವ ಹಾಗೆ ಗೆರೆ ಎಳೀರಿ ಅಂದೆ. ಹೇಗೆ ಅಂತ ಹೇಳಲಿಲ್ಲ.

ಎಲ್ಲರೂ ಕಣ್ಣಂದಾಜಿಗೆ ಎಳೆದರು. ನೋಡೋಕೆ ಸರಿಯಾಗೇ ಇತ್ತು. ಈಗ ಪಿ ಹಿಡಿದು ಎಳೀರಿ ಅಂದೆ. ಗೆರೆ ಒಂದು ಕಡೆ ವೃತ್ತದ ಒಳಗೆ ನುಗ್ಗಿತು, ಇನ್ನೊಂದು ಕಡೆ ದೂರ ಹೋಯಿತು. ‘ಮಿಸ್, ಇದು ಕೆಟ್ಟೋಯ್ತು’ ಅಂತ ಒಬ್ಬ ಹುಡುಗ ಎದ್ದು ನಿಂತ. ಕೆಡದ ಹಾಗೆ ಎಳೀಬೇಕು, ಅದೇ ಇವತ್ತಿನ ಕೆಲಸ ಅಂದೆ. ಇಪ್ಪತ್ತು ನಿಮಿಷ ಒದ್ದಾಡಿದರು. ಕೊನೆಗೆ ಕಿಟಕಿ ಪಕ್ಕದ ಗುಂಪಿನಲ್ಲಿ ಒಂದು ಹುಡುಗಿ ಗೆರೆ ತಾಗುವ ಕಡೆಗೆ ತ್ರಿಜ್ಯ ಎಳೆದು, ಇಲ್ಲಿ ತೊಂಬತ್ತು ಡಿಗ್ರಿ ಬರಬೇಕಲ್ವಾ ಮಿಸ್ ಅಂದಳು. ತೊಂಬತ್ತು ಎಲ್ಲಿ ಬರುತ್ತೆ ಅಂತ ನಾನು ಕೇಳಿದೆ. ಅರ್ಧವೃತ್ತದಲ್ಲಿ ಅಂತ ಹಿಂದಿನಿಂದ ಇನ್ಯಾರೋ ಹೇಳಿದರು. ಅಲ್ಲಿಗೆ ಆ ಎರಡನೇ ವೃತ್ತ ಯಾಕೆ ಬರೀತೀವಿ ಅನ್ನೋದು ಅವರಿಗೇ ಹೊಳೆಯಿತು. ಓಪಿ ವ್ಯಾಸವಾಗಿರುವ ವೃತ್ತ ಬರೆದರು, ಗೆರೆ ಎಳೆದರು, ಪಿ ಹಿಡಿದು ಪರದೆ ತುಂಬ ಎಳೆದಾಡಿದರು. ಕೆಡಲಿಲ್ಲ.

ಆಮೇಲೆ ಯಾರೋ ಪಿ ಬಿಂದುವನ್ನು ಎಳೆಯುತ್ತಾ ಎಳೆಯುತ್ತಾ ಮೊದಲು ಬರೆದ ವೃತ್ತದ ಒಳಗೇ ತಂದರು. ಎರಡೂ ಸ್ಪರ್ಶಕ ಒಟ್ಟಿಗೇ ಮಾಯ! ‘ಅಯ್ಯೋ ಮಿಸ್, ಎಲ್ಲೋದ್ವು?’ ಪಕ್ಕದ ಗುಂಪಿನವರೂ ಬಂದು ಬಗ್ಗಿ ನೋಡಿದರು. ಓಪಿ ವ್ಯಾಸದ ವೃತ್ತ ಪೂರ್ತಿ ಮೊದಲ ವೃತ್ತದ ಹೊಟ್ಟೆಯೊಳಗೆ ಸೇರಿಹೋಗಿತ್ತು, ಎರಡೂ ಎಲ್ಲೂ ಸಂಧಿಸುತ್ತಿರಲಿಲ್ಲ. ವೃತ್ತದ ಒಳಗಿನ ಬಿಂದುವಿನಿಂದ ಸ್ಪರ್ಶಕ ಎಳೆಯಲು ಆಗುವುದಿಲ್ಲ ಅನ್ನುವ ವಾಕ್ಯವನ್ನು ನಾನು ಅಷ್ಟು ವರ್ಷ ಬೋರ್ಡ್ ಮೇಲೆ ಬರೆಸಿದ್ದೆ. ಅವತ್ತು ಅದನ್ನು ಮಕ್ಕಳು ನನಗೆ ಹೇಳಿದರು. ಆ ದಿನದಿಂದ ಮೌಸ್ ನಾನು ಮುಟ್ಟುವುದು ಕಡಿಮೆ.

ನನ್ನ ಇಷ್ಟು ವರ್ಷದ ಅನುಭವದಲ್ಲಿ ಮುಖ್ಯ ಮಾತು ಇದೇ. ಮೌಸ್ ಮಕ್ಕಳ ಕೈಯಲ್ಲಿದ್ದರೆ ಮಾತ್ರ ಈ ಸಾಫ್ಟ್‌ವೇರ್‌ಗೆ ಬೆಲೆ. ಟೀಚರ್ ಕೈಯಲ್ಲಿದ್ದರೆ ಇದು ಇನ್ನೊಂದು ವಿಡಿಯೋ.

ಇನ್ನೊಂದು ಘಟನೆ ಹೇಳಲೇಬೇಕು. ಎಂಟನೇ ತರಗತಿಯಲ್ಲಿ ತ್ರಿಭುಜದ ಮೂರು ಕೋನ ಅಳೆದು ಕೂಡಿಸುವ ಕೆಲಸ ಕೊಟ್ಟಿದ್ದೆ. ಒಬ್ಬನ ಪರದೆಯಲ್ಲಿ 52.13, 61.44, 66.42 ಬಂದಿತ್ತು. ನೋಟ್ ಬುಕ್ಕಲ್ಲಿ ಕೂಡಿಸಿ 179.99 ಅಂತ ತಂದು ತೋರಿಸಿದ. ಒಂದು ಪೈಸೆ ಕಮ್ಮಿ ಇದೆ ಮಿಸ್ ಅಂದ. ಜಿಯೋಜೀಬ್ರಾ ಕೋನಗಳನ್ನು ಎರಡು ದಶಮಾಂಶ ಸ್ಥಾನಕ್ಕೆ ಸರಿಹೊಂದಿಸಿ ತೋರಿಸುತ್ತದೆ, ಹಾಗಾಗಿ ಮೂರರಲ್ಲೂ ಚೂರು ಚೂರು ಹೆಚ್ಚುಕಡಿಮೆಯಾಗಿ ಮೊತ್ತದಲ್ಲಿ ಒಂದು ನೂರನೇ ಭಾಗ ತಪ್ಪಬಹುದು. ಸೆಟ್ಟಿಂಗ್‌ನಲ್ಲಿ ದಶಮಾಂಶ ಜಾಸ್ತಿ ಮಾಡಿ ತೋರಿಸಿದೆ. ಹುಡುಗ ಬಿಡಲಿಲ್ಲ. ಹಾಗಾದ್ರೆ ಪೂರ್ತಿ 180 ಅಂತ ಹೇಗೆ ಗೊತ್ತಾಗೋದು, ಎಷ್ಟು ಅಳೆದರೂ ಚೂರು ಉಳೀಬಹುದಲ್ವಾ ಅಂದ. ಪ್ರಮೇಯಕ್ಕೆ ಸಾಧನೆ (ಅಳತೆಯಿಂದಲ್ಲ, ತರ್ಕದಿಂದ ಖಚಿತಪಡಿಸುವುದು) ಯಾಕೆ ಬೇಕು ಅಂತ ಇಷ್ಟು ಚೆನ್ನಾಗಿ ಯಾವ ಮಗುವೂ ನನ್ನ ಹತ್ತಿರ ಕೇಳಿರಲಿಲ್ಲ. ಆಗಲೇ ಬೋರ್ಡಿಗೆ ಹೋಗಿ, ಶೃಂಗದ ಮೂಲಕ ಪಾದಕ್ಕೆ ಸಮಾಂತರ ಗೆರೆ ಎಳೆದು, ಪರ್ಯಾಯ ಕೋನಗಳಿಂದ ಸಾಧಿಸಿ ತೋರಿಸಿದೆ. ಅವತ್ತು ಪ್ರತಿ ಸಾಲಿಗೂ ಕಿವಿಗೊಟ್ಟರು. ಅಳತೆಯೇ ಸಾಧನೆ ಅಂತ ಮಕ್ಕಳು ಅಂದುಕೊಳ್ಳುವ ಅಪಾಯ ಈ ಸಾಫ್ಟ್‌ವೇರ್‌ನಲ್ಲಿ ನಿಜವಾಗಿಯೂ ಇದೆ. ಟೀಚರ್ ಎಚ್ಚರ ಇರಬೇಕು.

ವರ್ಗ ಬಹುಪದೋಕ್ತಿಯ (ax² + bx + c) ನಕ್ಷೆಗೂ ಇದು ತುಂಬಾ ಒಳ್ಳೆಯದು. ಆ ನಕ್ಷೆ ಬೋಗುಣಿ ಆಕಾರದ್ದು. ಎ, ಬಿ, ಸಿ ಗೆ ಮೂರು ಸ್ಲೈಡರ್ ಇಟ್ಟು ಆಡಲು ಬಿಟ್ಟರೆ ಸಾಕು. ಎ ಚಿಕ್ಕದಾದಷ್ಟೂ ಬೋಗುಣಿ ಅಗಲವಾಗುತ್ತದೆ, ಸೊನ್ನೆ ಆದಾಗ ನೇರ ಗೆರೆ, ಸೊನ್ನೆ ದಾಟಿದರೆ ಬೋಗುಣಿ ಬೋರಲು. ಶೂನ್ಯತೆಗಳು, ಅಂದರೆ ನಕ್ಷೆ ಎಕ್ಸ್ ಅಕ್ಷವನ್ನು ಮುಟ್ಟುವ ಜಾಗಗಳು, ಎರಡು, ಒಂದು, ಇಲ್ಲ ಅನ್ನುವ ಮೂರೂ ಸಂದರ್ಭ ಸಿ ಸರಿಸಿದರೆ ಕಣ್ಣ ಮುಂದೆ ಬರುತ್ತವೆ.

ಇನ್ನು ತೊಂದರೆಗಳು. ಕೋನ ಅಳೆಯುವಾಗ ಬಿಂದುಗಳನ್ನು ಒತ್ತುವ ಕ್ರಮ ಉಲ್ಟಾ ಆದರೆ 52 ಬರಬೇಕಾದ ಕಡೆ 308 ಬರುತ್ತದೆ. ಹೊಸದಾಗಿ ಕಲಿಯುವ ಮಗು ಇದರಿಂದ ಗಾಬರಿಯಾಗುತ್ತದೆ, ಕೋನದ ಸೆಟ್ಟಿಂಗ್ ಮೊದಲೇ ಬದಲಾಯಿಸಿ ಇಡಿ. ಬಿಂದುವಿನ ಟೂಲ್ ಆರಿಸಿದ ಮೇಲೆ ಬಾಣದ ಗುರುತಿಗೆ ವಾಪಸ್ ಬರದಿದ್ದರೆ ಮುಟ್ಟಿದಲ್ಲೆಲ್ಲ ಹೊಸ ಬಿಂದು ಹುಟ್ಟುತ್ತದೆ, ಐದೇ ನಿಮಿಷಕ್ಕೆ ಪರದೆ ತುಂಬ ಸಾಸಿವೆ ಚೆಲ್ಲಿದ ಹಾಗೆ. ಎಸ್ಕೇಪ್ ಕೀ ಒತ್ತುವ ಅಭ್ಯಾಸ ಮೊದಲ ದಿನವೇ ಮಾಡಿಸಬೇಕು. ವೃತ್ತ ಬರೆದ ಕೂಡಲೇ ಎಡಗಡೆ ಅದರ ಸಮೀಕರಣ ಬಂದು ಕೂರುತ್ತದೆ. ಎಂಟನೇ ತರಗತಿಯವರು ಅದನ್ನು ನೋಡಿ ಹೆದರುತ್ತಾರೆ, ಆ ಭಾಗ ಮುಚ್ಚಿಬಿಡಿ. ಫೋನಿನ ಆ್ಯಪ್ ಇದೆ, ಆದರೆ ಚಿಕ್ಕ ಪರದೆಯಲ್ಲಿ ಬೆರಳೇ ಬಿಂದುವನ್ನು ಮುಚ್ಚುತ್ತದೆ. ರಚನೆಗೆ ಕಂಪ್ಯೂಟರೇ ಸರಿ, ನಕ್ಷೆಗೆ ಫೋನು ಪರವಾಗಿಲ್ಲ.

ಇಂಟರ್ನೆಟ್ ಇರುವ ಶಾಲೆಗಳಿಗೆ ಕ್ಲಾಸ್‌ರೂಮ್ ಅನ್ನುವ ಸೌಲಭ್ಯ ಇದೆ, ಪ್ರತಿ ಮಗು ಏನು ಮಾಡುತ್ತಿದೆ ಅಂತ ಟೀಚರ್ ತಮ್ಮ ಪರದೆಯಲ್ಲೇ ನೋಡಬಹುದು. ನಮ್ಮಲ್ಲಿ ಅದು ಎರಡು ಸಲ ನಡೆಯಿತು, ಆಮೇಲೆ ಬಿಟ್ಟೆ. ನಾನು ಬೆಂಚಿನಿಂದ ಬೆಂಚಿಗೆ ಓಡಾಡುವುದೇ ವಾಸಿ.

ಲ್ಯಾಬ್ ಬಗ್ಗೆ ಮುಚ್ಚಿಡದೆ ಹೇಳುತ್ತೇನೆ. ಹತ್ತು ಕಂಪ್ಯೂಟರ್ ಬಂದಿದ್ದವು, ಈಗ ಆರು ನಡೆಯುತ್ತಿವೆ. ಯುಪಿಎಸ್ ಬ್ಯಾಟರಿ ಸತ್ತು ವರ್ಷಗಳಾದವು, ಬದಲಾಯಿಸಿ ಅಂತ ಅರ್ಜಿ ಕೊಟ್ಟು ಕೊಟ್ಟು ಸಾಕಾಗಿದೆ. ಆದರೂ ಈ ಒಂದು ಸಾಫ್ಟ್‌ವೇರ್ ನಿಂತಿಲ್ಲ. ಜಿಯೋಜೀಬ್ರಾದ ಕ್ಲಾಸಿಕ್ 5 ಆವೃತ್ತಿ ಉಬುಂಟು (ವಿಂಡೋಸ್ ಬದಲಿಗೆ ಹಾಕುವ ಉಚಿತ ಆಪರೇಟಿಂಗ್ ಸಿಸ್ಟಂ) ಇರುವ ಹಳೇ ಕಂಪ್ಯೂಟರ್‌ಗಳಲ್ಲೂ ನೆಟ್ ಇಲ್ಲದೆ ಓಡುತ್ತದೆ. ಫೈಲ್‌ಗಳು ಎಷ್ಟು ಚಿಕ್ಕವು ಅಂದರೆ ಇಷ್ಟು ವರ್ಷದ ನನ್ನ ಎಲ್ಲ ಕೆಲಸ ಒಂದು ಪೆನ್‌ಡ್ರೈವ್‌ನ ಮೂಲೆಯಲ್ಲಿ ಕೂತಿದೆ. ಇದೇ ಅವಧಿಯಲ್ಲಿ ದಾನಿಗಳೊಬ್ಬರು ಪ್ರೀತಿಯಿಂದ ನಮಗೆ ಒಂದು ಕಂಪನಿಯ ಸ್ಮಾರ್ಟ್ ಕ್ಲಾಸ್ ಪ್ಯಾಕೇಜ್ ಕೊಡಿಸಿದ್ದರು. ಚಂದದ ಅನಿಮೇಷನ್, ಚಂದದ ದನಿ. ಒಂದು ವರ್ಷಕ್ಕೆ ಲೈಸೆನ್ಸ್ ಮುಗಿಯಿತು, ಮತ್ತೆ ದುಡ್ಡು ಕಟ್ಟಿ ಅಂದರು, ಸರ್ಕಾರಿ ಶಾಲೆ ಎಲ್ಲಿಂದ ತರುತ್ತೆ? ಆ ಪೆಟ್ಟಿಗೆ ಈಗಲೂ ಸ್ಟಾಫ್ ರೂಮಿನ ಬೀರು ಮೇಲಿದೆ. ದಾನಿಗಳ ಮುಖ ನೆನೆದು ನನಗೆ ಇವತ್ತಿಗೂ ಬೇಜಾರಾಗುತ್ತದೆ. ಶಾಲೆಗೆ ಏನಾದರೂ ಕೊಡಿಸಬೇಕು ಅಂತಿರುವವರು ದಯವಿಟ್ಟು ನಾಲ್ಕು ಮೌಸ್, ಒಂದು ಬ್ಯಾಟರಿ ಕೊಡಿಸಿ. ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ.

ಪುಕ್ಕಟೆ ಅನ್ನುವ ವಿಷಯಕ್ಕೆ ಬಂದರೆ, 2021ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಆನ್‌ಲೈನ್ ಪಾಠದ ಕಂಪನಿ ಬೈಜೂಸ್ ಜಿಯೋಜೀಬ್ರಾವನ್ನು ಕೊಂಡುಕೊಂಡಿತು ಅಂತ ಸುದ್ದಿ ಬಂದಾಗ ನಮ್ಮ ಗಣಿತ ಶಿಕ್ಷಕರ ವಾಟ್ಸಾಪ್ ಗುಂಪಿನಲ್ಲಿ ಎಲ್ಲರಿಗೂ ದಿಗಿಲು. ಇನ್ನು ದುಡ್ಡು ಕೇಳ್ತಾರೆ ಅಂತಲೇ ಅಂದುಕೊಂಡಿದ್ದೆವು. ನನ್ನ ಬಳಕೆಯಲ್ಲಿ ಆಮೇಲೆ ಒಂದು ರೂಪಾಯಿಯೂ ಕೊಡಬೇಕಾಗಿ ಬರಲಿಲ್ಲ. ಶಾಲೆಗೆ ಬಳಸುವವರು ಸುಮ್ನೆ ಇಳಿಸಿಕೊಂಡು ಶುರು ಮಾಡಬಹುದು.

2020ರಲ್ಲಿ ಶಾಲೆ ಮುಚ್ಚಿದಾಗ ಇದು ನನಗೆ ಹೆಚ್ಚು ಒದಗಲಿಲ್ಲ. ಮನೆಗೆ ಒಂದೇ ಫೋನು, ಅದು ಅಪ್ಪನ ಜೊತೆ ಹೊಲಕ್ಕೆ ಹೋಗುತ್ತಿತ್ತು. ಆಗ ಮಕ್ಕಳನ್ನು ಹಿಡಿದಿಟ್ಟದ್ದು ಚಂದನ ವಾಹಿನಿಯ ಸಂವೇದ ಪಾಠಗಳು, ಮತ್ತೆ ದೇವಸ್ಥಾನದ ಜಗಲಿಯಲ್ಲಿ ನಾವು ಮಾಡಿದ ಪಾಠ.

ಪರೀಕ್ಷೆಗೆ ಉಪಯೋಗ ಇದೆಯಾ ಅಂತ ಪೋಷಕರೂ ಕೇಳುತ್ತಾರೆ, ಮುಖ್ಯಶಿಕ್ಷಕರೂ ಕೇಳುತ್ತಾರೆ. ಎಸ್ಸೆಸ್ಸೆಲ್ಸಿ ಬರೆಯುವುದು ಕಾಗದದ ಮೇಲೆ. ಕೈವಾರ ಹಿಡಿಯುವ ಕೈ ಪಳಗದಿದ್ದರೆ ಪರದೆಯಲ್ಲಿ ಎಷ್ಟು ಎಳೆದರೂ ಅಂಕ ಬರುವುದಿಲ್ಲ. ಹಾಗಾಗಿ ನಾನು ಒಂದು ಕ್ರಮ ಇಟ್ಟುಕೊಂಡಿದ್ದೇನೆ. ಮೊದಲು ನೋಟ್ ಬುಕ್ಕಲ್ಲಿ ಕೈಯಿಂದ ಬರೆದು ಏನಾಗಬಹುದು ಅಂತ ಊಹೆ ಬರೆಯಬೇಕು. ಆಮೇಲೆ ಲ್ಯಾಬಿನಲ್ಲಿ ಎಳೆದು ನೋಡಬೇಕು. ವಾಪಸ್ ಬಂದು ಯಾಕೆ ಹಾಗಾಯಿತು ಅಂತ ಎರಡು ಸಾಲು ಬರೆಯಬೇಕು. ಊಹೆ ತಪ್ಪಾದರೆ ಅಳಿಸುವ ಹಾಗಿಲ್ಲ. ಇದಕ್ಕೆ ಸಮಯ ಜಾಸ್ತಿ ಬೇಕು, ಸಿಲಬಸ್ ಮುಗಿಸುವ ಒತ್ತಡದಲ್ಲಿ ವರ್ಷಕ್ಕೆ ಹತ್ತು ಹನ್ನೆರಡು ಪಿರಿಯಡ್ ಮಾತ್ರ ನನಗೆ ಸಾಧ್ಯವಾಗುತ್ತದೆ. ಆದರೆ ಹಿಂದಿನ ಬೆಂಚಿನಲ್ಲಿ ಬಾಯೇ ಬಿಡದ ಮಕ್ಕಳು ಆ ಪಿರಿಯಡ್‌ಗಳಲ್ಲಿ ಮಾತಾಡುತ್ತಾರೆ. ಪ್ರಶ್ನೆ ಕೇಳಲು ಸರಿ ಉತ್ತರ ಗೊತ್ತಿರಬೇಕಾಗಿಲ್ಲ, ಚಿತ್ರ ಕೆಟ್ಟರೆ ಸಾಕು, ಅಲ್ವಾ?

ಶುರು ಮಾಡುವವರಿಗೆ ಒಂದು ಮಾತು. ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು ಜಾಲತಾಣದಲ್ಲಿ ಕನ್ನಡದಲ್ಲೇ ಜಿಯೋಜೀಬ್ರಾ ಕಲಿಯುವ ಪುಟಗಳಿವೆ, ನಾನು ಅಲ್ಲಿಂದಲೇ ಬಹಳ ಕಲಿತೆ. ಇಂಟರ್ನೆಟ್‌ನಲ್ಲಿ ಸಿಗುವ ಸಿದ್ಧ ಫೈಲ್‌ಗಳ ಹಿಂದೆ ಹೋಗಬೇಡಿ. ಖಾಲಿ ಪರದೆ ಕೊಟ್ಟು, ಎಳೆದರೂ ಕೆಡದ ಒಂದು ಚೌಕ ಬರೆಯಿರಿ ಅಂತ ಮಕ್ಕಳಿಗೆ ಹೇಳಿ ನೋಡಿ. ಒಂಬತ್ತನೇ ತರಗತಿಗೆ ಈ ಜೂನ್‌ನಲ್ಲೂ ನಾನು ಅದರಿಂದಲೇ ಶುರು ಮಾಡಿದೆ. ಮೊದಲ ಪಿರಿಯಡ್‌ನಲ್ಲಿ ಯಾರಿಗೂ ಬರಲಿಲ್ಲ, ಎರಡನೇ ದಿನ ಬೆಲ್ ಹೊಡೆದ ಮೇಲೂ ಮೂರು ಜನ ಏಳಲಿಲ್ಲ.