ಹಳೇ ಎಂಎಕ್ಸ್-5 ಜೊತೆ ಒಂಬತ್ತು ವರ್ಷ: ಒಂದು ರಬ್ಬರ್ ರಿಂಗ್ ನನ್ನ ಎರಡು ವರ್ಷ ತಿಂದಿದ್ದು

ದಿನಾ ಬೆಳಿಗ್ಗೆ ಎದ್ದು ಮೊದಲು ನೋಡೋದು ಕಾರಿನ ಕೆಳಗಿರೋ ರಟ್ಟನ್ನ. ದೊಡ್ಡ ಡಬ್ಬ ಒಂದನ್ನ ಬಿಚ್ಚಿ ಹಾಸಿರೋ ರಟ್ಟು ಅದು, ಎಂಜಿನ್ ಎಲ್ಲಿ ಬರುತ್ತೆ, ಗೇರ್‌ಬಾಕ್ಸ್ ಎಲ್ಲಿ ಬರುತ್ತೆ ಅಂತ ಮಾರ್ಕರ್‌ನಲ್ಲಿ ಗೆರೆ ಎಳೆದಿಟ್ಟಿದ್ದೀನಿ, ಪಕ್ಕದಲ್ಲಿ ತಾರೀಕು ಬರಿಯೋಕೆ ಜಾಗ. ಹನಿ ಬಿದ್ರೆ ಸುತ್ತ ವೃತ್ತ ಹಾಕಿ ತಾರೀಕು ಬರೀತೀನಿ. ಈ ಅಭ್ಯಾಸ ಶುರುವಾಗಿದ್ದು ಈ ಕಾರಿಂದಾನೇ, ಅದಕ್ಕೆ ಈ ವಿಮರ್ಶೇಲಿ ಅರ್ಧಕ್ಕಿಂತ ಹೆಚ್ಚು ಒಂದು ಆಯಿಲ್ ಲೀಕ್ ಕಥೆನೇ ಇರುತ್ತೆ.

ಕಾರು 1992ರ ಮಾಜ್ದಾ ಎಂಎಕ್ಸ್-5, ಬಟ್ಟೆ ಛಾವಣಿ ತೆಗೆಯೋ ಎರಡು ಸೀಟಿನ ಕಾರು, ಮೊದಲನೇ ಪೀಳಿಗೆ, 1.6 ಲೀಟರ್ ಎಂಜಿನ್, ಐದು ಗೇರು. 1989ರಲ್ಲಿ ಶಿಕಾಗೋ ಆಟೋ ಶೋನಲ್ಲಿ ಬಂದಿದ್ದು, ಮೇಲೇಳೋ ಹೆಡ್‌ಲೈಟು, ಒಂದು ಟನ್ನಿಗಿಂತ ಕಡಿಮೆ ತೂಕ, ಮುಂದೆ ಹಿಂದೆ ಸಮ ಸಮ ಭಾರ, ಇವೆಲ್ಲ ಓದಿಕೊಂಡೇ ಇಲ್ಲಿಗೆ ಬಂದಿರ್ತೀರ. ನಾನು ತಗೊಂಡಾಗ್ಲೇ ಅದು ಲಕ್ಷ ಕಿಲೋಮೀಟರ್ ದಾಟಿತ್ತು. ನನ್ನ ಹತ್ರ ಇದೊಂದೇ ಕಾರಲ್ಲ, ದಿನಾ ಓಡಾಡೋಕೆ ಬೇರೆ ಗಾಡಿ ಇದೆ, ಇದಕ್ಕೆ ಅಂತ ತಿಂಗಳಿಗೆ ಇಷ್ಟೇ ಅಂತ ಎತ್ತಿಡ್ತೀನಿ, ಆ ದುಡ್ಡು ಮುಗಿದ್ರೆ ಕೆಲಸ ಮುಂದಿನ ತಿಂಗಳಿಗೆ ಹೋಗುತ್ತೆ. ಟ್ರ್ಯಾಕ್‌ಗೆ ಹೋಗಲ್ಲ. ನನ್ನ ಮಾತನ್ನ ಆ ಲೆಕ್ಕದಲ್ಲೇ ತಗೊಳ್ಳಿ.

ತಗೊಂಡ ಮೂರನೇ ವರ್ಷ ರಟ್ಟಿನ ಮೇಲೆ ಹನಿ ಕಾಣಿಸ್ತು. ಎಂಜಿನ್ನು ಗೇರ್‌ಬಾಕ್ಸು ಸೇರೋ ಜಾಗದ ಕೆಳಗೆ ಸರಿಯಾಗಿ, ಬೆಲ್ ಹೌಸಿಂಗ್ ಅನ್ನೋ ಕವಚದ ತುದಿಯಿಂದ. ಹೀಟರ್ ಹಾಕಿದ್ರೆ ಸುಟ್ಟ ಆಯಿಲ್ ವಾಸನೆ ಒಳಗೆ ಬರ್ತಿತ್ತು. ಒಂದು ಗ್ಯಾರೇಜಿಗೆ ತಗೊಂಡು ಹೋದೆ, ಅವರು ಲಿಫ್ಟ್ ಮೇಲೆ ಎತ್ತಿ ಟಾರ್ಚ್ ಬಿಟ್ಟು ಅರ್ಧ ನಿಮಿಷ ನೋಡಿ ಹೇಳಿದ್ರು, "ರಿಯರ್ ಮೇನ್ ಸೀಲ್ ಹೋಗಿದೆ ಸಾರ್, ಗೇರ್‌ಬಾಕ್ಸ್ ಇಳಿಸ್ಲೇಬೇಕು." ನಾನು ನಂಬಿದೆ, ಯಾಕಂದ್ರೆ ಹನಿ ಬೀಳ್ತಿದ್ದಿದ್ದೇ ಅಲ್ಲಿ, ಅಲ್ಲಿ ಎಂಜಿನ್ ಹಿಂದೆ ಆಯಿಲ್ ತಡೆಯೋ ಸೀಲು ಅದೇ. ಎರಡು ತಿಂಗಳು ದುಡ್ಡು ಕೂಡಿಸಿ ಕೆಲಸ ಮಾಡಿಸ್ದೆ, ಹೇಗೂ ಬಿಚ್ಚಿದ್ದಾರಲ್ಲ ಅಂತ ಕ್ಲಚ್ ಪ್ಲೇಟೂ ಹಾಕಿಸ್ದೆ.

ಈ ಕಾರಲ್ಲಿ ಗೇರ್‌ಬಾಕ್ಸ್ ಇಳಿಸೋದು ಬೇರೆ ಕಾರಿನ ಥರ ಅಲ್ಲ. ಗೇರ್‌ಬಾಕ್ಸ್‌ನಿಂದ ಹಿಂಚಕ್ರ ತಿರುಗಿಸೋ ಡಿಫರೆನ್ಷಿಯಲ್‌ವರೆಗೂ ಅಲ್ಯೂಮಿನಿಯಂದು ಒಂದು ಉದ್ದ ತೊಲೆ ಇದೆ, ಪವರ್ ಪ್ಲಾಂಟ್ ಫ್ರೇಮ್ ಅಂತಾರೆ. ಎರಡನ್ನೂ ಒಂದೇ ಮೂಳೆ ಥರ ಹಿಡಿದಿಟ್ಟಿರೋದು ಅದು, ಆಕ್ಸಿಲರೇಟರ್ ಒತ್ತಿದ ತಕ್ಷಣ ಕಾರು ಮುಂದಕ್ಕೆ ಹಾರೋದಕ್ಕೆ ಅರ್ಧ ಕಾರಣ ಅದೇ. ಅದನ್ನ ಬಿಚ್ಚಿ ವಾಪಸ್ ಹಾಕುವಾಗ ಗೇರ್‌ಬಾಕ್ಸ್‌ನ ಬಾಲದ ಎತ್ತರ ಅಳತೆಗೆ ಸರಿ ಕೂರಿಸ್ಬೇಕು, ಇಲ್ಲಾಂದ್ರೆ ಸೀಟಿನ ಕೆಳಗಿಂದ ಗುಂಯ್ ಅನ್ನೋ ನಡುಕ ಬರುತ್ತೆ. ನನಗೆ ಬಂತು. ಹತ್ತನೇ ದಿನಕ್ಕೆ ರಟ್ಟಿನ ಮೇಲೆ ಅದೇ ಜಾಗದಲ್ಲಿ ಅದೇ ಹನಿ, ಅದರ ಮೇಲೆ ಹೊಸದಾಗಿ ಈ ನಡುಕ. ನಡುಕ ನಾನೇ ಸರಿ ಮಾಡ್ದೆ, ನಾಲ್ಕು ಜಾಕ್ ಸ್ಟ್ಯಾಂಡ್ ಮೇಲೆ ಕಾರು ನಿಲ್ಲಿಸಿ ಆ ತೊಲೆಯ ಬೋಲ್ಟು ಸಡಿಲ ಮಾಡಿ, ಅಡ್ಡಕ್ಕೆ ಒಂದು ನೇರ ಪಟ್ಟಿ ಇಟ್ಟು ಅಳೆದು, ಬಾಲವನ್ನ ಜಾಕಲ್ಲಿ ಸ್ವಲ್ಪ ಎತ್ತಿ ಬಿಗಿ ಮಾಡಿದ್ಮೇಲೆ ಹೋಯ್ತು. ಹನಿ ಹೋಗ್ಲಿಲ್ಲ.

ಆಮೇಲೆ ಒಂದು ವರ್ಷ ನಾನು ಆ ಕಾರಿನ ಕಡೆ ಸರಿಯಾಗಿ ನೋಡ್ಲೇ ಇಲ್ಲ. ಮಾರಿಬಿಡೋಣ ಅಂತ ಎರಡು ಸಲ ಫೋಟೋ ಕೂಡ ತೆಗೆದಿದ್ದೆ.

ಒಂದಿನ ಸ್ನೇಹಿತ ಒಬ್ಬ ಬಂದವನು ಬಾನೆಟ್ ಎತ್ತಿ ನೋಡಿ ಕೇಳಿದ, "ಮೇಲಿಂದ ನೋಡಿದ್ಯೇನೋ ಯಾವತ್ತಾದ್ರೂ? ಆಯಿಲ್ ಕೆಳಗಿಂದ ಮೇಲಕ್ಕೆ ಹತ್ತಲ್ಲ." ಅಷ್ಟೇ ಮಾತು. ಅವತ್ತು ರಾತ್ರಿ ಯೋಚನೆ ಮಾಡ್ದೆ, ಹೌದು, ಎಲ್ಲರೂ ಹನಿ ಬೀಳೋ ಜಾಗ ನೋಡಿದ್ವಿ, ಹನಿ ಹುಟ್ಟೋ ಜಾಗ ಯಾರೂ ನೋಡ್ಲಿಲ್ಲ. ಆಯಿಲ್ ಕೆಳಕ್ಕೆ ಹರಿಯುತ್ತೆ, ಓಡೋ ಕಾರಲ್ಲಿ ಗಾಳಿ ಅದನ್ನ ಹಿಂದಕ್ಕೆ ತಳ್ಳುತ್ತೆ, ಹಾಗಾಗಿ ಒದ್ದೆ ಆಗಿರೋದ್ರಲ್ಲಿ ಎಲ್ಲಕ್ಕಿಂತ ಮೇಲಿರೋ, ಎಲ್ಲಕ್ಕಿಂತ ಮುಂದಿರೋ ಜಾಗ ಹುಡುಕ್ಬೇಕು.

ಮಾರನೇ ಭಾನುವಾರ ಎಂಜಿನ್ ಹಿಂಭಾಗ ಪೂರ್ತಿ ಡಿಗ್ರೀಸರ್ ಹೊಡೆದು ಬ್ರಷ್‌ನಲ್ಲಿ ಉಜ್ಜಿ ಒಣಗಿಸ್ದೆ. ಒಣಗಿದ್ಮೇಲೆ ಟಾಲ್ಕಮ್ ಪೌಡರ್ ಉದುರಿಸ್ದೆ, ಎಂಜಿನ್‌ನ ಮೇಲ್ಭಾಗ ಅಂದ್ರೆ ಹೆಡ್‌ನ ಹಿಂಬದಿ, ವಾಲ್ವ್ ಕವರ್ ಅಂಚು, ಬೆಲ್ ಹೌಸಿಂಗ್ ಮೇಲೆ, ಎಲ್ಲ ಬೆಳ್ಳಗೆ. ಇಪ್ಪತ್ತು ನಿಮಿಷ ಓಡಿಸಿಕೊಂಡು ಬಂದು, ಎಂಜಿನ್ ಬಿಸಿ ಇರೋವಾಗ್ಲೇ ಎಂಜಿನ್ ಹಿಂದಿನ ಫೈರ್‌ವಾಲ್ ಗೋಡೆ ಸಂದಿಗೆ ಕಡ್ಡಿ ಕಟ್ಟಿದ ಪುಟ್ಟ ಕನ್ನಡಿ ಇಳಿಸಿ ಟಾರ್ಚ್ ಬಿಟ್ಟೆ. ವಾಲ್ವ್ ಕವರ್ ಅಂಚಿನ ಪೌಡರ್ ಹಾಗೇ ಬೆಳ್ಳಗಿತ್ತು. ಹೆಡ್ ಹಿಂದೆ ಕ್ಯಾಮ್ ಆಂಗಲ್ ಸೆನ್ಸರ್ ಅಂತ ಒಂದು ದುಂಡು ಭಾಗ ಇದೆ, ಅದರ ಬುಡದಿಂದ ಶುರುವಾಗಿ ಒಂದು ಕಂದು ಗೆರೆ ಪೌಡರ್ ಮೇಲೆ ನೇರ ಕೆಳಕ್ಕೆ ಇಳಿದಿತ್ತು, ನಡುವೆ ಹೀಟರ್ ಪೈಪ್ ಮುಟ್ಟಿ, ಅಲ್ಲಿಂದ ಬೆಲ್ ಹೌಸಿಂಗ್ ಮೇಲೆ. ವಾಸನೆಗೂ ಉತ್ತರ ಸಿಕ್ತು, ಹನಿಗೂ ಸಿಕ್ತು. ಎರಡು ವರ್ಷ ಹುಡುಕಿದ್ದು ಒಂದು ಬೆರಳಗಲದ ಗೆರೆ. ಅವತ್ತು ಅಲ್ಲೇ ನೆಲದ ಮೇಲೆ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ.

ಆ ಸೆನ್ಸರ್ ನಿಂತಿರೋದು ಒಂದೇ ಒಂದು 12 ಎಂಎಂ ಬೋಲ್ಟ್ ಮೇಲೆ. ಆದ್ರೆ ಆ ಬೋಲ್ಟ್ ಇರೋ ಜಾಗ ಕಷ್ಟ, ಇಗ್ನಿಷನ್ ಕಾಯಿಲ್‌ಗಳೂ ಅಲ್ಲೇ ಹಿಂದೆ ಕೂತಿವೆ, ಕೈ ಒಳಗೆ ಹೋದ್ರೆ ಕಣ್ಣಿಗೆ ಏನೂ ಕಾಣಲ್ಲ, ಬೆರಳಿನ ತುದೀಲೇ ಕೆಲಸ ಮಾಡ್ಬೇಕು, ಸ್ಪಾನರ್ ಒಂದೊಂದು ಸಲಕ್ಕೆ ಕೂದಲೆಳೆಯಷ್ಟು ತಿರುಗುತ್ತೆ. ಬಿಚ್ಚೋಕೆ ಮುಂಚೆ ಸೆನ್ಸರ್‌ಗೂ ಹೆಡ್‌ಗೂ ಸೇರಿಸಿ ಒಂದು ಗೆರೆ ಗೀಚಿಕೊಳ್ಳಿ, ಇದನ್ನ ಮರೀಬೇಡಿ, ಯಾಕಂದ್ರೆ ಆ ಸೆನ್ಸರ್ ತಿರುಗಿದ್ರೆ ಎಂಜಿನ್ ಟೈಮಿಂಗೇ, ಅಂದ್ರೆ ಪ್ಲಗ್ ಕಿಡಿ ಹಾರೋ ಗಳಿಗೇನೇ, ಬದಲಾಗುತ್ತೆ. ಸೆನ್ಸರ್ ಬುಡದಲ್ಲಿ ಆಯಿಲ್ ತಡೆಯೋ ರಬ್ಬರ್ ಬಳೆ, ಓ ರಿಂಗ್ ಅಂತಾರೆ, ಅದನ್ನ ಹೊರಗೆ ತೆಗೆದು ಕೈಯಲ್ಲಿ ಹಿಡಿದು ನೋಡ್ದೆ. ದುಂಡಗಿರ್ಬೇಕಾದ ರಬ್ಬರು ಒತ್ತಿ ಒತ್ತಿ ಚೌಕ ಆಗಿತ್ತು, ಉಗುರಲ್ಲಿ ಬಗ್ಗಿಸಿದ್ರೆ ಒಣ ಕಡ್ಡಿ ಥರ ಪಟ್ ಅಂತ ಎರಡಾಯ್ತು. ಇದು ಕಾರಿನ ತಪ್ಪು ಅಂತ ನಾನು ಹೇಳಲ್ಲ, ಅಷ್ಟು ವರ್ಷ ಬಿಸಿ ಎಂಜಿನ್‌ಗೆ ಅಂಟಿಕೊಂಡಿದ್ದ ರಬ್ಬರು, ಅದರ ಆಯಸ್ಸು ಮುಗಿದಿತ್ತು. ಹೊಸದಾಗಿ ವೈಟಾನ್ ರಿಂಗ್ ಹಾಕ್ದೆ, ಅದು ಸಾಮಾನ್ಯ ರಬ್ಬರ್‌ಗಿಂತ ಬಿಸಿ ಜಾಸ್ತಿ ತಡೆಯುತ್ತೆ. ಸ್ವಲ್ಪ ಹೊಸ ಆಯಿಲ್ ಸವರಿ ಒತ್ತಿದ್ರೆ ಮೆತ್ತಗೆ ಒಳಗೆ ಕೂತ್ಕೊಂಡ್ತು.

ಆಮೇಲೆ ಟೈಮಿಂಗ್. ಬಾನೆಟ್ ಕೆಳಗೆ ಡಯಾಗ್ನೋಸಿಸ್ ಅಂತ ಬರೆದಿರೋ ಪುಟ್ಟ ಡಬ್ಬಿ ಇದೆ, ಅದರ ಮುಚ್ಚಳ ತೆಗೆದು ಟಿಇಎನ್ ಮತ್ತು ಗ್ರೌಂಡ್ ಅನ್ನೋ ಎರಡು ಪಾಯಿಂಟನ್ನೂ ಒಂದು ತುಂಡು ವೈರ್‌ನಲ್ಲಿ ಸೇರಿಸ್ಬೇಕು, ಆಗ ಕಂಪ್ಯೂಟರ್ ತನ್ನ ಲೆಕ್ಕ ಪಕ್ಕಕ್ಕಿಡುತ್ತೆ. ಐಡಲ್, ಅಂದ್ರೆ ಆಕ್ಸಿಲರೇಟರ್ ಒತ್ತದೆ ಎಂಜಿನ್ ತಿರುಗೋ ವೇಗ, 850 ಆರ್‌ಪಿಎಂ ಆಸುಪಾಸು ಇರ್ಬೇಕು. ಮೊದಲನೇ ಸಿಲಿಂಡರ್ ವೈರ್‌ಗೆ ಟೈಮಿಂಗ್ ಲೈಟ್ ಕ್ಲಿಪ್ ಹಾಕಿ ಪುಲ್ಲಿ ಮೇಲೆ ಬಿಟ್ರೆ, ತಿರುಗ್ತಿರೋ ಪುಲ್ಲಿ ನಿಂತ ಹಾಗೆ ಕಾಣುತ್ತೆ, ಮೇಲಿರೋ ಗುರುತು 10 ಡಿಗ್ರಿ ಹತ್ರ ಬಂದು ನಿಲ್ಬೇಕು. ಸೆನ್ಸರ್‌ನ ಒಂದು ಕೂದಲೆಳೆ ತಿರುಗಿಸಿದ್ರೆ ಗುರುತು ಸರಿಯುತ್ತೆ, ಎಂಜಿನ್ ಸದ್ದೂ ಅದರ ಜೊತೆಗೇ ಬದಲಾಗುತ್ತೆ. 14ಕ್ಕೆ ಇಟ್ಟು ಓಡಿಸೋರು ತುಂಬಾ ಜನ ಇದಾರೆ, ನಾನೂ ಇಟ್ಟು ನೋಡ್ದೆ, ಕೆಳಗಿನ ಆರ್‌ಪಿಎಂನಲ್ಲಿ ಎಳೆತ ಸ್ವಲ್ಪ ಚುರುಕಾಗುತ್ತೆ, ಆದ್ರೆ ಹಾಗಿಟ್ರೆ ಒಳ್ಳೇ ಆಕ್ಟೇನ್ ಪೆಟ್ರೋಲ್ ಹಾಕ್ಬೇಕು, ಏರಿನಲ್ಲಿ ಎಂಜಿನ್ ಒಳಗೆ ಟಕ ಟಕ ಅನ್ನೋ ನಾಕಿಂಗ್ ಸದ್ದಿಗೆ ಕಿವಿ ಕೊಟ್ಟಿರ್ಬೇಕು. ಆ ಕಾಯೋ ಕೆಲಸ ನನಗೆ ಬೇಡ ಅನ್ನಿಸಿ 10ಕ್ಕೇ ತಂದೆ.

ಇಲ್ಲಿಂದ ಮುಂದೆ ಈ ಕಾರಿನ ಬಗ್ಗೆ ನನ್ನ ಮನಸ್ಸೇ ಬೇರೆ ಆಯ್ತು. ಇದರಲ್ಲಿ ಏನೇ ಕೆಟ್ರೂ ಕಾರಣ ಕೈಗೆ ಸಿಗುತ್ತೆ, ಕಣ್ಣಿಗೆ ಕಾಣುತ್ತೆ. ಐದನೇ ಗೇರ್‌ನಲ್ಲಿ ಎರಡು ಸಾವಿರ ಆರ್‌ಪಿಎಂನಲ್ಲಿ ಒತ್ತಿದ್ರೆ ಎಂಜಿನ್ ಮುಗ್ಗರಿಸೋದು ಶುರುವಾದಾಗ ನಾನು ಯಾರನ್ನೂ ಕೇಳ್ಲಿಲ್ಲ, ಕತ್ತಲಲ್ಲಿ ಎಂಜಿನ್ ಚಾಲೂ ಮಾಡಿ ಪ್ಲಗ್ ವೈರ್‌ಗಳ ಮೇಲೆ ನೀರು ಮಂಜಿನ ಥರ ಸಿಂಪಡಿಸ್ದೆ, ಮೂರನೇ ವೈರ್ ಮೇಲೆ ನೀಲಿ ಕಿಡಿ ಹರಿದಾಡ್ತು, ವೈರ್ ಸೆಟ್ ಬದಲಾಯಿಸ್ದೆ, ಮುಗೀತು.

ದಿನಚರಿ ಹೇಳ್ಬೇಕಂದ್ರೆ, ಹೊರಡೋಕೆ ಮುಂಚೆ ಹುಡ್‌ನ, ಅಂದ್ರೆ ಬಟ್ಟೆ ಛಾವಣಿಯ, ಹಿಂದಿನ ಪ್ಲಾಸ್ಟಿಕ್ ಕಿಟಕಿಯ ಜಿಪ್ ಬಿಚ್ಚಿ ಮೆತ್ತಗೆ ಮಲಗಿಸ್ತೀನಿ, ಮಡಚಿದ್ರೆ ಬಿರುಕು ಬಿಡುತ್ತೆ, ಆಮೇಲೆ ಎರಡು ಕೊಂಡಿ ತೆಗೆದ್ರೆ ಒಂದೇ ಕೈಯಲ್ಲಿ ಹುಡ್ ಹಿಂದಕ್ಕೆ. ಎಂಜಿನ್ ಚಾಲೂ ಆದ ಕೂಡ್ಲೇ ಟಿಕ್ ಟಿಕ್ ಅನ್ನುತ್ತೆ, ಹೈಡ್ರಾಲಿಕ್ ಲಿಫ್ಟರ್‌ಗಳಿಗೆ ಆಯಿಲ್ ತುಂಬೋವರೆಗೂ, ಅದು ನಿಲ್ಲೋವರೆಗೆ ನಾನು ಗೇರ್ ಹಾಕಲ್ಲ. ಮಳೆಗಾಲಕ್ಕೆ ಮುಂಚೆ ಒಂದ್ಸಲ ಸೀಟಿನ ಹಿಂದೆ ಹುಡ್ ನೀರು ಇಳಿಯೋ ತೂತುಗಳಿಗೆ ಬಾಟಲಿಯಿಂದ ನೀರು ಹಾಕಿ, ಹಿಂದಿನ ಚಕ್ರದ ಮುಂದೆ ನೆಲಕ್ಕೆ ಬೀಳುತ್ತಾ ಅಂತ ಬಗ್ಗಿ ನೋಡ್ತೀನಿ. ಬೀಳ್ಲಿಲ್ಲ ಅಂದ್ರೆ ನೀರು ಬಾಗಿಲ ಕೆಳಗಿನ ಸಿಲ್ ಒಳಗೆ ನಿಂತು ಒಳಗಿಂದಾನೇ ತುಕ್ಕು ಹಿಡಿಸುತ್ತೆ. ಹಳೇ ಎಂಎಕ್ಸ್-5 ತಗೊಳ್ಳೋರು ಎಂಜಿನ್‌ಗಿಂತ ಮೊದಲು ಈ ಸಿಲ್ ತಟ್ಟಿ ನೋಡಿ, ಎಂಜಿನ್ ಸರಿ ಮಾಡ್ಬಹುದು, ತುಕ್ಕು ದುಬಾರಿ.

ಮಾಡಿಫಿಕೇಶನ್ ವಿಷ್ಯದಲ್ಲಿ ನನಗೆ ಬೇಜಾರಿದೆ. ಐದನೇ ವರ್ಷ ಎಲ್ಲರೂ ಹಾಕ್ತಾರೆ ಅಂತ ಕಾಯಿಲೋವರ್, ಅಂದ್ರೆ ಕಾರಿನ ಎತ್ತರ ಹೊಂದಿಸೋ ಸ್ಪ್ರಿಂಗ್-ಡ್ಯಾಂಪರ್ ಸೆಟ್, ಹಾಕಿಸಿ ಕಾರು ಚೆನ್ನಾಗಿ ಕೆಳಗೆ ಇಳಿಸ್ದೆ. ನಿಂತಾಗ ನೋಡೋಕೆ ಬಹಳ ಚೆಂದ. ಓಡಿಸಿದ್ರೆ ಸಣ್ಣ ಉಬ್ಬಿಗೂ ಸಸ್ಪೆನ್ಷನ್ ಕೊನೇಲಿರೋ ಬಂಪ್ ಸ್ಟಾಪ್ ಅನ್ನೋ ತಡೆಗೆ ಬಡೀತಿತ್ತು. ನಾಲ್ಕೂ ಚಕ್ರಕ್ಕೆ ಡಬಲ್ ವಿಷ್‌ಬೋನ್ ಅನ್ನೋ ಜೋಡಿ ತೋಳು ಇಟ್ಟು ಇಂಜಿನಿಯರ್‌ಗಳು ಎಷ್ಟು ನಾಜೂಕಾಗಿ ಕೂರಿಸಿದ್ರೋ, ಅದರ ಚಲನೆಗೆ ಜಾಗಾನೇ ಇಲ್ಲದ ಹಾಗೆ ನಾನು ಮಾಡಿಟ್ಟಿದ್ದೆ. ತಿರುವಿನ ನಡುವೆ ಒಂದು ಉಬ್ಬು ಬಂದ್ರೆ ಹಿಂಭಾಗ ಎಗರಿ ಪಕ್ಕಕ್ಕೆ ಕೂರ್ತಿತ್ತು, ನನ್ನ ಕಾರು ಅಂತಾನೇ ಅನ್ನಿಸ್ತಿರ್ಲಿಲ್ಲ. ಆರು ತಿಂಗಳು ತಡ್ಕೊಂಡು ವಾಪಸ್ ಹಳೇ ಎತ್ತರಕ್ಕೆ ತಂದೆ, ಸ್ಪ್ರಿಂಗ್ ಕಂಪನಿ ಅಳತೇದೇ, ಡ್ಯಾಂಪರ್ ಮಾತ್ರ ಹೊಸದು, ಕೀಲುಗಳಲ್ಲಿ ಸವೆದ ರಬ್ಬರ್ ಬುಷ್ ಎಲ್ಲ ಬದಲು. ಕ್ಯಾಂಬರ್, ಅಂದ್ರೆ ಚಕ್ರದ ವಾಲು, ಹೊಂದಿಸೋ ಕ್ಯಾಮ್ ಬೋಲ್ಟ್‌ಗಳು ತುಕ್ಕು ಹಿಡಿದು ಕಚ್ಚಿಕೊಂಡಿದ್ವು, ಎರಡನ್ನ ಕೊಯ್ದೇ ತೆಗೀಬೇಕಾಯ್ತು, ಹೊಸದು ಹಾಕುವಾಗ ಗ್ರೀಸ್ ಸವರಿ ಹಾಕಿ. ಅಲೈನ್‌ಮೆಂಟ್ ಮುಗಿಸಿ ಹೊರಗೆ ಬಂದ ಮೊದಲ ತಿರುವಿನಲ್ಲೇ ಗೊತ್ತಾಯ್ತು, ಇಷ್ಟು ದಿನ ಏನು ಕಳ್ಕೊಂಡಿದ್ದೆ ಅಂತ. ಸ್ಟೀರಿಂಗ್ ಮತ್ತೆ ರಸ್ತೆಯನ್ನ ಕೈಗೆ ಹೇಳೋಕೆ ಶುರು ಮಾಡ್ತು. ಮಾಡಿಫೈಗೆ ಇಟ್ಟ ದುಡ್ಡು ಮೊದಲೇ ಬುಷ್‌ಗೆ, ಡ್ಯಾಂಪರ್‌ಗೆ, ಒಳ್ಳೇ ಟೈರ್‌ಗೆ ಹಾಕಿದ್ದಿದ್ರೆ ಆರು ತಿಂಗಳೂ ಉಳೀತಿತ್ತು, ದುಡ್ಡೂ ಉಳೀತಿತ್ತು.

ಕೂಲಂಟ್ ರೀರೂಟ್, ಅಂದ್ರೆ ಎಂಜಿನ್ ತಣಿಸೋ ನೀರಿನ ದಾರಿ ಬದಲಿಸೋ ಕೆಲಸ, ಅದರ ಬಗ್ಗೆ ಯಾರಾದ್ರೂ ಕೇಳ್ತಾರೆ ಅಂತ ಹೇಳ್ತೀನಿ. ಈ ಎಂಜಿನ್ ಮೂಲದಲ್ಲಿ ಅಡ್ಡಕ್ಕೆ ಕೂರಿಸೋ ಮುಂಚಕ್ರ ಎಳೆತದ ಕಾರುಗಳ ಕುಟುಂಬದ್ದು, ಇಲ್ಲಿ ಉದ್ದಕ್ಕೆ ಕೂರಿಸೋವಾಗ ಥರ್ಮೋಸ್ಟಾಟ್ ಮುಂದಕ್ಕೆ ಬಂತು, ಅದಕ್ಕೆ ಹಿಂದಿನ ಸಿಲಿಂಡರ್‌ಗೆ ನೀರಿನ ಓಟ ಕಡಿಮೆ. ಟರ್ಬೋ ಹಾಕೋರಿಗೆ, ಟ್ರ್ಯಾಕ್‌ನಲ್ಲಿ ಗಂಟೆಗಟ್ಲೆ ಒತ್ತೋರಿಗೆ ರೀರೂಟ್ ಬೇಕು. ನನ್ನ ಓಡಾಟಕ್ಕೆ ಒಳ್ಳೇ ರೇಡಿಯೇಟರ್, ಹೊಸ ಹೋಸ್, ಟೈಮಿಂಗ್ ಬೆಲ್ಟ್ ಜೊತೆಗೇ ವಾಟರ್ ಪಂಪ್, ಇಷ್ಟು ಸಾಕಾಗಿದೆ, ಟೆಂಪರೇಚರ್ ಮುಳ್ಳು ಇವತ್ತಿನವರೆಗೂ ನಡು ದಾಟಿಲ್ಲ.

ಐದಕ್ಕೆ ನಾಲ್ಕೂವರೆ ಕೊಡ್ತೀನಿ. ಅರ್ಧ ಕಳೆದಿದ್ದು ಆ ಸೆನ್ಸರ್ ಬೋಲ್ಟ್ ಇರೋ ಜಾಗಕ್ಕೆ.

ರಟ್ಟು ನಾಲ್ಕು ವರ್ಷ ಒಣಗಿತ್ತು. ಹೋದ ವಾರ ಮತ್ತೆ ಒಂದು ಹನಿ, ಈ ಸಲ ಪಕ್ಕಕ್ಕೆ, ತೆಳ್ಳಗೆ, ಆಯಿಲ್ ಜಿಡ್ಡಿಲ್ಲ. ಕ್ಲಚ್ ಫ್ಲೂಯಿಡ್ ಡಬ್ಬಿ ನೋಡಿದ್ರೆ ಮಟ್ಟ ಸ್ವಲ್ಪ ಇಳಿದಿದೆ, ಕ್ಲಚ್ ಬಿಡಿಸೋ ಸ್ಲೇವ್ ಸಿಲಿಂಡರ್‌ನ ರಬ್ಬರ್ ಬೂಟ್ ಎತ್ತಿದ್ರೆ ಒಳಗೆ ಒದ್ದೆ. ಆ ಫ್ಲೂಯಿಡ್ ಬಾಡಿ ಬಣ್ಣಕ್ಕೆ ತಾಗಿದ್ರೆ ಬಣ್ಣ ಕೀಳುತ್ತೆ ಅಂತ ಕೆಳಗೆ ಬಟ್ಟೆ ಕಟ್ಟಿದ್ದೀನಿ, ಸಿಲಿಂಡರ್ ತರಿಸಿದ್ದೀನಿ, ಭಾನುವಾರ ಹಾಕ್ತೀನಿ.