ಜೆಲ್ಡಾ ಆಡಬೇಕು, ಆದರೆ ಯಾವುದರಿಂದ ಶುರು?

ಧಾರವಾಡದಲ್ಲಿ ಓದುವ ನನ್ನ ಅಕ್ಕನ ಮಗ ಸೆಕೆಂಡ್ ಹ್ಯಾಂಡ್ ನಿಂಟೆಂಡೊ ಸ್ವಿಚ್ ಎಂಬ ಗೇಮ್ ಯಂತ್ರ ತಗೊಂಡಿದ್ದಾನೆ. "ಮಾಮಾ, ಜೆಲ್ಡಾ ಎಲ್ಲಿಂದ ಶುರು ಮಾಡಲಿ?" ಎಂದು ಕೇಳಿದ. 1986ರಿಂದ ಬರುತ್ತಿರುವ ವಿಡಿಯೋ ಗೇಮ್ ಸರಣಿ ಇದು. ಮೊದಲ ಆಟವನ್ನೇ ಹುಡುಕಬೇಕಿಲ್ಲ, ಬಹಳಷ್ಟು ಕಥೆಗಳು ಬಿಡಿಬಿಡಿಯಾಗಿವೆ. ಅಂದ ಹಾಗೆ, ನಾವು ಆಡಿಸುವ ಹುಡುಗನ ಹೆಸರು ಲಿಂಕ್. ಜೆಲ್ಡಾ ಅಂದರೆ ರಾಜಕುಮಾರಿ.

ಒಂದು, 'ಲಿಂಕ್ಸ್ ಅವೇಕನಿಂಗ್'. 1993ರಲ್ಲಿ ನಿಂಟೆಂಡೊದ ಹಳೆಯ ಯಂತ್ರ ಗೇಮ್ ಬಾಯ್‌ಗೆ ಬಂದದ್ದು, 2019ರಲ್ಲಿ ಸ್ವಿಚ್‌ಗಾಗಿ ಹೊಸದಾಗಿ ಮಾಡಿದರು. ಒಂದೇ ದ್ವೀಪ, ಕೂಡಿಸಬೇಕಾದ ಎಂಟು ವಾದ್ಯ. ಹುಬ್ಬಳ್ಳಿಗೆ ಚಿಗರಿ ಬಸ್ಸಿನಲ್ಲಿ ಹೋಗುತ್ತಾ ಒಂದಿಷ್ಟು ಆಡಿ ಎತ್ತಿಡಬಹುದು.

2017ರ 'ಬ್ರೆತ್ ಆಫ್ ದ ವೈಲ್ಡ್' ಹಾಗಲ್ಲ. ಸರಣಿ ಹುಟ್ಟುಹಾಕಿದ ಶಿಗೆರು ಮಿಯಾಮೊಟೊ ಚಿಕ್ಕವರಿದ್ದಾಗ ಕ್ಯೋಟೊ ಕಡೆಯ ಗುಡ್ಡ, ಗುಹೆ ಸುತ್ತಿದವರು. ಮೊದಲ ಆಟ ಹುಟ್ಟಿದ್ದೇ ಆ ಖುಷಿಯಿಂದ. ಅದು ಇಲ್ಲಿ ಜಾಸ್ತಿ ಸಿಗುತ್ತದೆ. ದೂರದಲ್ಲೊಂದು ಗುಡ್ಡ ಕಂಡಿತಾ? ನಡೆದು ಹೋಗಿ ಹತ್ತಬಹುದು. ಹುಡುಕಲು 120 ಗುಡಿಗಳಿವೆ, ಹೆಚ್ಚಿನವುಗಳಲ್ಲಿ ಒಗಟು. ಮಳೆ ಬಂದರೆ ಮಾತ್ರ ಬಂಡೆ ಜಾರುತ್ತದೆ. ಧಾರವಾಡದ ಜಿಟಿಜಿಟಿ ಮಳೆಯ ಹಾಗೆ, ಬೇಡವಾದಾಗಲೇ ಶುರು! ಕತ್ತಿಗಳೂ ಮುರಿಯುತ್ತಿರುತ್ತವೆ. ನನಗೆ ಅದು ಇವತ್ತಿಗೂ ಕಿರಿಕಿರಿ.

ಪರೀಕ್ಷೆ ಹತ್ತಿರವಿದ್ದರೆ ದ್ವೀಪದ ಆಟ ಸಾಕು. ರಜೆ ಇದೆ ಅಂದರೆ ಸುಮ್ನೆ ಯೋಚಿಸಬೇಡ, ಎರಡನೆಯದನ್ನೇ ಹಾಕು ಎಂದೆ. 2023ರ 'ಟಿಯರ್ಸ್ ಆಫ್ ದ ಕಿಂಗ್‌ಡಮ್' ಅದರ ಮುಂದಿನ ಕಥೆ, ಅದು ಆಮೇಲೆ. ಅಳಿಯನಿಗೆ ಮುಂದಿನ ತಿಂಗಳೇ ಪರೀಕ್ಷೆ. ಯಾವುದನ್ನು ತಂದಿರುತ್ತಾನೆ ಅಂತ ಹೇಳಬೇಕಿಲ್ಲ ಅಲ್ವಾ?